ಬಾನೆಟ್ಟಿನೊಳಗಿನ ದೀಪ

ಜೂನ್ ಒಂದಕ್ಕೆ ಬೈತಖೋಲದ ದೋಣಿಗಳು
ಹೆಗಲಿಗೆ ಹೆಗಲು ಹಚ್ಚಿ ನಿಂತವು.
ಅವುಗಳ ಮೀನು ಹೊರುವ ನನ್ನ ಪಿಕಪ್ಪೂ ನಿಂತಿತು
ಕೋಡಿಬಾಗದಲ್ಲಿ, ಐಸ್ ಫ್ಯಾಕ್ಟರಿಯ ತಗಡಿನ ಮಾಡಿನಡಿ,
ಗೋಡೆಗೆ ಮೂತಿ ಕೊಟ್ಟು.
ಅರವತ್ತೊಂದು ದಿನ ಬಲೆಗೆ ರಜೆ.
ಹಲ್ಲಿಗೂ ರಜೆಯೆಂದು ಯಾರೂ ಬರೆದಿರಲಿಲ್ಲ.

ಹನ್ನೊಂದನೆಯ ದಿನ ಚಾವಿ ತಿರುಗಿಸಿದರೆ
ಟಕ್ ಎಂದಿತು, ಅಷ್ಟೇ.

ಪಾಸ್ಕು ಮಿಸ್ತ್ರಿ ಬಂದ, ಕಂಕುಳಲ್ಲಿ ಕೊಡೆ,
ಟಾರ್ಚನ್ನು ಹಲ್ಲಲ್ಲಿ ಕಚ್ಚಿ ಬಗ್ಗಿದ.
‘ಹಳದಿ ಹೋಗಿದೆ. ಹಸಿರು ಹೋಗಿದೆ.
ಕೆಂಪು ಮುಟ್ಟಿಲ್ಲ ನೋಡು, ಜಾಣ.’
ಬಾಯಲ್ಲಿ ಟಾರ್ಚು ಇದ್ದದ್ದಕ್ಕೆ ಇಷ್ಟನ್ನೂ
ಅವನು ಹೇಳಿದ್ದು ಇಲಿಯದೇ ದನಿಯಲ್ಲಿ.

ಏರ್ ಫಿಲ್ಟರಿನ ಹಿಂದೆ ಗೂಡು.
ಎಳೆದೆ, ಎಳೆ ಬಿಡಿಸಿ ಬಿಡಿಸಿ ಓದಿದೆ:
ನೀಲಿ ಬಲೆಯ ನೂಲು,
ಬಾನೆಟ್ಟಿನ ಸ್ಪಂಜು,
ಎಲ್ಲಿ ಕಳೆದಿರೆಂದು ಸುಲಕ್ಷಾ ನನ್ನನ್ನೇ ಬೈದಿದ್ದ
ಅವಳ ತಲೆಯ ರಬ್ಬರ್ ಬ್ಯಾಂಡು,
ಮತ್ತೆ ಡ್ಯಾಶ್‌ಬೋರ್ಡಿನ ಬಾಕಿ ಪುಸ್ತಕದ ಚೂರು.
ಯಲ್ಲಾಪುರದ ಹೊಟೇಲಿನ ಮಾಬು ಸಾಬ್, ಬಂಗಡೆ, ಎರಡು ಸಾವಿರದ...
ಮುಂದಿನ ಅಂಕಿ ಹಾಸಿಗೆಯಾಗಿತ್ತು.
ಅದರ ಮೇಲೆ ಐದು ಮರಿ, ಇನ್ನೂ ಕಣ್ಣು ಬಿಟ್ಟಿಲ್ಲ,
ಸಿಪ್ಪೆ ಸುಲಿದ ಶೆಟ್ಲಿಯ ಹಾಗೆ.

ಕೇರಿಯವರದ್ದೆಲ್ಲ ಒಂದೊಂದು ಔಷಧ.
ಶೇವಂತಿ ವೈನಿ ಟ್ರಂಕಿನ ನುಸಿಗುಳಿಗೆ ತಂದಳು,
ಎಂಜಿನ್ನಿಗೆ ಮದುವೆಮನೆಯ ಪರಿಮಳ.
ಯಾರೋ ಹೊಗೆಸೊಪ್ಪು ಕಟ್ಟು ಅಂದರು, ಕಟ್ಟಿದೆ.
ಎರಡು ದಿನಕ್ಕೆ ಸೊಪ್ಪೇ ಇಲ್ಲ.
ಇಲಿ ಒಯ್ಯಿತೋ, ಫ್ಯಾಕ್ಟರಿಯ ವಾಚ್‌ಮನ್ನೋ,
ಅವನ ಕೆಂಪು ಬಾಯಿ ನೋಡಿ ಕೇಳಲಿಲ್ಲ.
ಇನ್ಶೂರೆನ್ಸಿನ ಹುಡುಗ ಫೋನಿನಲ್ಲಿ ನಕ್ಕ:
‘ಅಪಘಾತ ಅಂತ ಬರೆಯೋಕೆ
ಇಲಿಗೆ ನಂಬರ್ ಪ್ಲೇಟ್ ಇದೆಯಾ?’

ಪಾಸ್ಕು ನಗಲಿಲ್ಲ.
ಕಡಿದ ತುದಿ ಸುಲಿದು, ಹೊಸೆದು, ಬೆಸುಗೆ ಹಾಕಿ,
ಉಕ್ಕಿನ ಜಾಲರಿಯ ತೋಳು ತೊಡಿಸಿದ,
ಕೂಸಿನ ಕೈ ಅಂಗಿಯೊಳಗೆ ತೂರಿಸುವ ಹಾಗೆ.
‘ಬಿಸಿ, ಕತ್ತಲೆ, ಮೀನುನೀರಿನ ವಾಸನೆ.
ಇಷ್ಟು ಕೊಟ್ಟರೆ ನಾನೇ ಬಂದು ಮಲಗ್ತೆ ಮಾರಾಯಾ.
ಸೋಪು ಹಾಕಿ ತೊಳಿ.
ದಿನಾ ಹತ್ತು ನಿಮಿಷ ಎಬ್ಬಿಸು, ಬೆಳಿಗ್ಗೆ,
ಸಂಜೆಯ ಬಿಸಿ ಅವಕ್ಕೆ ಕಂಬಳಿ.
ರಾತ್ರಿ ಬಾನೆಟ್ಟು ತೆರೆದಿಡು. ಒಳಗೊಂದು ದೀಪ ಇಡು.’

ಗೂಡನ್ನು ಒಡೆದ ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು
ಫ್ಯಾಕ್ಟರಿಯ ಹಿಂದೆ ಬಿಟ್ಟು ಬಂದೆ, ಬಾಕಿಯ ಸಮೇತ.
ಬೆಳಿಗ್ಗೆ ಪೆಟ್ಟಿಗೆ ಖಾಲಿ.
ತಾಯಿ ಬಂದಿತ್ತು ಅಂದುಕೊಂಡೆ.
ಪಕ್ಕದಲ್ಲಿ ಬೆಕ್ಕು ಮೈ ನೆಕ್ಕುತ್ತಿತ್ತು.
ಬೆಕ್ಕು ಯಾವಾಗಲೂ ಮೈ ನೆಕ್ಕುತ್ತದೆ.

ಕಡಲಲ್ಲಿ ಲೈಟು ಬಿಟ್ಟರೆ ಮೀನು ಬರುತ್ತದೆ,
ಆ ತಪ್ಪಿಗೆ ದಂಡ ಕಟ್ಟಿದವರ ಮೀನನ್ನೂ ಹೊತ್ತಿದ್ದೇನೆ.
ಇಲ್ಲಿ ಅದೇ ಲೈಟು ಬಿಟ್ಟು
ಬರಬೇಡ ಎನ್ನುತ್ತಿದ್ದೇನೆ.
ಐದು ವ್ಯಾಟಿನ ಬಲ್ಬು ಗಾಡಿಯ ಗಂಟಲಲ್ಲಿ.
ದೂರದಿಂದ ನೋಡಿದರೆ ಹಲ್ಲಿನ ಡಾಕ್ಟರ ಮುಂದೆ
ಆ ಎಂದು ಕೂತ ಹಾಗೆ, ರಾತ್ರಿಯಿಡೀ, ಮಳೆ ಕೇಳುತ್ತ.
ಸುಲಕ್ಷಾ ಅಂದಳು:
‘ಬಚ್ಚಲಿನ ಬಲ್ಬು ಹೋಗಿ ತಿಂಗಳಾಯಿತು.’
ಮರುದಿನವೇ ತಂದೆ.

ಆಗಸ್ಟಿನ ಮೊದಲ ಬಂಗಡೆ ಹೊತ್ತು
ಗಾಡಿ ಒಂದೇ ಕೆಮ್ಮಿಗೆ ಎದ್ದು ಅರಬೈಲ ಘಾಟು ಹತ್ತಿತು.
ಮಾಬು ಸಾಬ್ ಚಹಾ ಕೊಟ್ಟ.
‘ಹಳೇದು ಎಷ್ಟಿತ್ತು?’ ಅವನೇ ಕೇಳಿದ.
‘ನೀನೇ ಹೇಳು.’
ಅವನು ಹೆಂಚು ನೋಡಿದ, ಬೆರಳು ಮಡಚಿದ, ಒಂದು ಅಂಕಿ ಹೇಳಿದ.
ಸರಿಯೋ ತಪ್ಪೋ, ಬಲ್ಲವರು
ಆ ಹಾಸಿಗೆಯಲ್ಲಿ ಮಲಗಿದ್ದವರು.
ಎಣಿಸದೆ ಜೇಬಿಗಿಟ್ಟೆ.

ಹೊರಗೆ ಅಕ್ಕಿ ಚೀಲಗಳ ಬದಿಗೆ ನಿಲ್ಲಿಸಿದ್ದ ಗಾಡಿ ನೋಡಿ
ಅವನ ಹುಡುಗ ಕೂಗಿದ: ‘ಕೆಟ್ಟಿತಾ?’
ಆಗಲೇ ಗೊತ್ತಾದದ್ದು, ಬಾನೆಟ್ಟು ತೆರೆದಿದ್ದೆ.